ಬಾಗಿಲಲ್ಲಿ ಕೇಳಿದ ಪ್ರಶ್ನೆಗಳು: ಲಂಡನ್ ನಗರದಲ್ಲಿ ಗುಹ್ಯರೋಗಿಗಳ ಹಾಗೂ ಗರ್ಭಿಣಿಯರ ಶುಶ್ರೂಷೆಯ ಚರಿತ್ರೆ

1747ನೆಯ ಇಸವಿಯ ಜನವರಿ 31ರಂದು ಲಂಡನ್ನಿನ ಹೈಡ್ ಪಾರ್ಕ್ ಮೂಲೆಗೆ ಸಮೀಪದ ಗ್ರೋವೆನರ್ ಪ್ಲೇಸ್‌ನಲ್ಲಿ ಆಸ್ಪತ್ರೆಯೊಂದು ಬಾಗಿಲು ತೆರೆಯಿತು. ವಿಲಿಯಂ ಬ್ರಾಮ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಅದರ ಸ್ಥಾಪಕರು. ಅದರ ಹೆಸರು ಲಾಕ್ ಆಸ್ಪತ್ರೆ. ಸಿಫಿಲಿಸ್, ಗೊನೊರಿಯ ಮೊದಲಾದ ಗುಹ್ಯರೋಗಗಳಿಂದ ನರಳುವ ಬಡವರಿಗಾಗಿಯೇ ಮೀಸಲಾಗಿದ್ದ ಈ ಆಸ್ಪತ್ರೆ, ದಾನಿಗಳ ಚಂದಾಹಣದಿಂದ ನಡೆಯುತ್ತಿತ್ತು. ಆ ಕಾಲದಲ್ಲಿ ಇಂಥದೊಂದು ಧರ್ಮಕಾರ್ಯಕ್ಕೆ ಹಣ ಬೇಡುವುದು ಸುಲಭದ ಮಾತಾಗಿರಲಿಲ್ಲ. ಪಾಪದ ಫಲವಾಗಿ ಬಂದ ರೋಗವನ್ನು ವಾಸಿಮಾಡುವುದೆಂದರೆ ದೇವರು ವಿಧಿಸಿದ ದಂಡನೆಗೆ ಅಡ್ಡಬಂದಂತೆ ಎಂದು ವಾದಿಸುವವರು ಆಗಲೂ ಇದ್ದರು. ಈಗಲೂ ಇಲ್ಲವೆಂದು ಹೇಳಲಾರೆವು.

ಆಸ್ಪತ್ರೆಯನ್ನು ತೆರೆದವರ ದಯೆಯ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಅವರು ಬಾಗಿಲಲ್ಲಿ ಒಂದು ನಿಯಮವನ್ನು ನಿಲ್ಲಿಸಿದ್ದರು: ಒಮ್ಮೆ ಅಲ್ಲಿ ಗುಣಹೊಂದಿ ಹೊರಟವರನ್ನು ಎರಡನೆಯ ಬಾರಿ ಸೇರಿಸಿಕೊಳ್ಳಬಾರದು. ಮೊದಲ ಸಲದ ರೋಗ ಎಡವಿ ಬಿದ್ದುದರ ಗುರುತು, ಎರಡನೆಯ ಸಲದ ರೋಗ ಹಟಮಾರಿತನದ ಗುರುತು ಎಂಬುದು ಅದರ ಹಿಂದಿನ ತರ್ಕ. ಎಷ್ಟು ಸಾರಿ ಕ್ಷಮಿಸಬೇಕೆಂದು ಪೇತ್ರನು ಪ್ರಭು ಯೇಸುವನ್ನು ಕೇಳಿದ ಪ್ರಸಂಗವನ್ನು ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಓದಿದವರಿಗೆ ಈ ನಿಯಮ ಬೆರಗು ಹುಟ್ಟಿಸದೆ ಇರದು. ಪೇತ್ರನು ಏಳರ ತನಕ ಹೋಗಲು ಸಿದ್ಧನಿದ್ದ. ಲಾಕ್ ಆಸ್ಪತ್ರೆಯ ಗವರ್ನರುಗಳು ಒಂದಕ್ಕೇ ನಿಂತರು.

ಈ ಲೇಖನದಲ್ಲಿ ನಾವು ಹಿಡಿಯಬಯಸುವ ಎಳೆ ಇದೇ. ಆಸ್ಪತ್ರೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸ್ಥಾಪಕರ, ಕಟ್ಟಡಗಳ, ಹೊಸ ಔಷಧಗಳ ಚರಿತ್ರೆಯಾಗಿ ಬರೆಯುತ್ತಾರೆ. ರೋಗಿಯ ಕಡೆಯಿಂದ ನೋಡಿದರೆ ಅದು ಬಾಗಿಲ ಚರಿತ್ರೆ. ಬಾಗಿಲಲ್ಲಿ ಯಾರು ನಿಂತಿದ್ದರು, ಏನು ಕೇಳಿದರು, ಯಾವ ಉತ್ತರಕ್ಕೆ ಬಾಗಿಲು ತೆರೆಯಿತು? ದೇಹದ ಗುಹ್ಯಭಾಗಕ್ಕೆ ಸಂಬಂಧಿಸಿದ ರೋಗ, ಗರ್ಭ, ಹೆರಿಗೆ, ಇವುಗಳ ವಿಷಯದಲ್ಲಿ ಆ ಪ್ರಶ್ನೆಗಳು ಉಳಿದ ಯಾವ ಕಾಯಿಲೆಗಿಂತಲೂ ಹೆಚ್ಚು ಹರಿತವಾಗಿದ್ದವು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಯುವಕ ಯುವತಿಯರು ಇಂದು ಲಂಡನ್ನಿನಲ್ಲಿ ದಾದಿಯರಾಗಿ, ವಿದ್ಯಾರ್ಥಿಗಳಾಗಿ, ತಂತ್ರಜ್ಞರಾಗಿ ಬದುಕುತ್ತಿರುವುದರಿಂದ ಈ ಚರಿತ್ರೆ ನಮಗೆ ತೀರ ದೂರದ್ದೂ ಅಲ್ಲ.

ಲಾಕ್ ಎಂಬ ಹೆಸರು

ಮಧ್ಯಯುಗದಲ್ಲಿ ಲಂಡನ್ನಿನ ಹೊರವಲಯದಲ್ಲಿ ಕುಷ್ಠರೋಗಿಗಳ ಆಶ್ರಮಗಳಿದ್ದವು. ಸದರ್ಕ್‌ನಲ್ಲಿದ್ದ ಒಂದಕ್ಕೆ ಲಾಕ್ ಎಂದು ಹೆಸರು. ಕುಷ್ಠರೋಗ ಕಡಿಮೆಯಾದಂತೆ, ಹದಿನಾರನೆಯ ಶತಮಾನದಲ್ಲಿ ಹೊಸದಾಗಿ ಹರಡಿದ ಸಿಫಿಲಿಸ್ ರೋಗಿಗಳನ್ನು ಅಂಥ ಮನೆಗಳಲ್ಲಿ ಇರಿಸತೊಡಗಿದರು. ಸದರ್ಕ್ ಮತ್ತು ಕಿಂಗ್ಸ್‌ಲ್ಯಾಂಡ್‌ಗಳ ಈ ಮನೆಗಳು ಸಂತ ಬಾರ್ತೊಲೊಮೇಯರ ಆಸ್ಪತ್ರೆಯ ಅಧೀನದಲ್ಲಿ 1760ರ ವರೆಗೂ ನಡೆದವು. ಆ ಹಳೆಯ ಹೆಸರನ್ನೇ ಹೊಸ ಆಸ್ಪತ್ರೆ ಎರವಲು ಪಡೆಯಿತು. ಬೀಗ ಎಂಬ ಅರ್ಥ ಅದಕ್ಕೆ ಮೂಲದಲ್ಲಿ ಇತ್ತೋ ಇಲ್ಲವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಜನರ ಕಿವಿಗೆ ಅದು ಬೀಗವಾಗಿಯೇ ಕೇಳಿಸಿತು. ರೋಗಕ್ಕಾದರೂ ಪ್ರತಿಯೊಂದು ನಾಡು ಪರರ ಹೆಸರಿಟ್ಟಿತು. ಇಂಗ್ಲಿಷರಿಗೆ ಅದು ಫ್ರೆಂಚರ ರೋಗ, ಫ್ರೆಂಚರಿಗೆ ನೇಪಲ್ಸಿನ ರೋಗ. ಹದಿನಾರನೆಯ ಶತಮಾನದ ನಮ್ಮ ಆಯುರ್ವೇದ ಗ್ರಂಥವಾದ ಭಾವಪ್ರಕಾಶದಲ್ಲಿ ಅದು ಫಿರಂಗ ರೋಗ. ತನ್ನ ಮನೆಯ ಕಾಯಿಲೆಗೆ ನೆರೆಮನೆಯವನ ಹೆಸರಿಡುವ ಚಾಳಿಯಲ್ಲಿ ಪೂರ್ವಪಶ್ಚಿಮಗಳ ಭೇದವಿಲ್ಲ.

ಚಿಕಿತ್ಸೆಯೆಂದರೆ ಪಾದರಸ. ಅದನ್ನು ಮೈಗೆ ತಿಕ್ಕಿ ಅಥವಾ ಒಳಕ್ಕೆ ಕೊಟ್ಟು, ಬಾಯಿಂದ ಧಾರಾಕಾರವಾಗಿ ಜೊಲ್ಲು ಸುರಿಯುವಂತೆ ಮಾಡುತ್ತಿದ್ದರು. ಹಲ್ಲು ಸಡಿಲವಾಗಿ, ಒಸಡು ಹುಣ್ಣಾಗಿ, ವಾರಗಟ್ಟಲೆ ಹಾಸಿಗೆ ಹಿಡಿಯಬೇಕಾದ ಈ ವಿಧಾನ, ದಿನಗೂಲಿಯಿಂದ ಬದುಕುವ ಬಡವನಿಗೆ ಆಸ್ಪತ್ರೆಯ ಆಸರೆಯಿಲ್ಲದೆ ಅಸಾಧ್ಯವಾಗಿತ್ತು. ಸಂತ ಬಾರ್ತೊಲೊಮೇಯ ಮತ್ತು ಸಂತ ತೋಮಾಸರ ಪ್ರಾಚೀನ ಆಸ್ಪತ್ರೆಗಳು ಇಂಥ ರೋಗಿಗಳನ್ನು ಪ್ರತ್ಯೇಕ ವಾರ್ಡುಗಳಲ್ಲಿ ಸೇರಿಸಿಕೊಳ್ಳುತ್ತಿದ್ದವು, ಆದರೆ ಉಳಿದ ರೋಗಿಗಳಿಗೆ ಇಲ್ಲದ ಶುಲ್ಕವನ್ನು ಇವರಿಂದ ಪಡೆಯುತ್ತಿದ್ದವು. ಹದಿನೆಂಟನೆಯ ಶತಮಾನದಲ್ಲಿ ದಾನಿಗಳು ಕಟ್ಟಿದ ಹೊಸ ಆಸ್ಪತ್ರೆಗಳಲ್ಲಿ ಹೆಚ್ಚಿನವು ಗುಹ್ಯರೋಗಿಗಳನ್ನು ಸೇರಿಸುವುದಿಲ್ಲವೆಂದು ನಿಯಮಾವಳಿಯಲ್ಲೇ ಬರೆದುಕೊಂಡಿದ್ದವು. ಹಣವಿಲ್ಲದವನಿಗೆ ಉಳಿದದ್ದು ಪ್ಯಾರಿಷ್ ನಡೆಸುವ ದುಡಿಮೆಮನೆಯ ರೋಗಿಕೋಣೆ.

ಅಲ್ಲಿಯೂ ಪ್ರಶ್ನೆ ಕಾದಿತ್ತು. ನೀನು ಯಾವ ಪ್ಯಾರಿಷ್‌ನವಳು? 1662ರ ಕಾನೂನಿನ ಪ್ರಕಾರ ಪ್ರತಿಯೊಂದು ಪ್ಯಾರಿಷ್ ತನ್ನ ಬಡವರನ್ನು ಮಾತ್ರ ಪೋಷಿಸಬೇಕಾಗಿತ್ತು. ಹೊರಗಿನವರನ್ನು ಅವರ ಮೂಲ ಪ್ಯಾರಿಷ್‌ಗೆ ಸಾಗಹಾಕುವ ಅಧಿಕಾರ ಅದಕ್ಕಿತ್ತು. ಮನೆಗೆಲಸಕ್ಕೆಂದು ಹಳ್ಳಿಗಳಿಂದ ಲಂಡನ್ನಿಗೆ ಬಂದ ಹುಡುಗಿಯರು ಬಸುರಾದಾಗ ಈ ಕಾನೂನಿನ ಕ್ರೌರ್ಯ ಬೆತ್ತಲಾಗುತ್ತಿತ್ತು. ವಿವಾಹಬಾಹಿರವಾಗಿ ಹುಟ್ಟಿದ ಮಗು ಯಾವ ಪ್ಯಾರಿಷ್‌ನಲ್ಲಿ ಹುಟ್ಟಿತೋ ಆ ಪ್ಯಾರಿಷ್‌ನ ಹೊರೆಯಾಗುತ್ತಿದ್ದುದರಿಂದ, ತುಂಬಿದ ಬಸುರಿಯನ್ನು ಹೆರಿಗೆಗೆ ಮುಂಚೆ ಗಡಿ ದಾಟಿಸಿಬಿಡಲು ಅಧಿಕಾರಿಗಳು ಹವಣಿಸುತ್ತಿದ್ದರು. ನಗರದಲ್ಲಿ ಪರಕೀಯರಾಗಲು ಸಮುದ್ರ ದಾಟಿ ಬರಬೇಕಾಗಿರಲಿಲ್ಲ, ಪಕ್ಕದ ಜಿಲ್ಲೆಯಿಂದ ಬಂದರೆ ಸಾಕಾಗಿತ್ತು. ಬೆತ್ಲೆಹೇಮಿನಲ್ಲಿ ಸ್ಥಳವಿಲ್ಲವೆನಿಸಿಕೊಂಡ ಗರ್ಭಿಣಿಯ ಕಥೆಯನ್ನು ಪ್ರತಿ ಕ್ರಿಸ್ಮಸ್ಸಿಗೆ ಕೇಳುತ್ತಿದ್ದ ಚರ್ಚುಗಳ ಆಡಳಿತ ಕೊಠಡಿಗಳಲ್ಲೇ ಈ ಲೆಕ್ಕಾಚಾರ ನಡೆಯುತ್ತಿತ್ತೆಂಬುದನ್ನು ಮರೆಯಲಾಗದು. ಪ್ಯಾರಿಷ್ ಆಗ ಧಾರ್ಮಿಕ ಘಟಕವೂ ಹೌದು, ತೆರಿಗೆಯ ಘಟಕವೂ ಹೌದು.

ಹೆರಿಗೆ ಆಸ್ಪತ್ರೆಗಳು ಬಂದವು. 1749ರಲ್ಲಿ ಆರಂಭವಾದ ಬ್ರಿಟಿಷ್ ಹೆರಿಗೆ ಆಸ್ಪತ್ರೆ ವಿವಾಹಿತ ಸ್ತ್ರೀಯರನ್ನು ಮಾತ್ರ ಸೇರಿಸುತ್ತಿತ್ತು. ಚಂದಾದಾರರ ಶಿಫಾರಸು ಪತ್ರದ ಜೊತೆಗೆ ಮದುವೆಯ ಪುರಾವೆಯನ್ನೂ ತರಬೇಕು. ಮರುವರ್ಷ ತೆರೆದ ಸಿಟಿ ಆಫ್ ಲಂಡನ್ ಹೆರಿಗೆ ಆಸ್ಪತ್ರೆಯೂ ಹಾಗೆಯೇ. ಮುಂದೆ ರಾಣಿ ಷಾರ್ಲಟ್‌ಳ ಹೆಸರು ಪಡೆದ ಇನ್ನೊಂದು ಆಸ್ಪತ್ರೆ ಅವಿವಾಹಿತರಿಗೂ ಜಾಗ ಕೊಟ್ಟಿತು ಎಂಬುದನ್ನು ಗೌರವದಿಂದ ನೆನೆಯಬೇಕು.

ಥಾಮಸ್ ಕೋರಂ ಎಂಬ ನಿವೃತ್ತ ಹಡಗು ಕಪ್ತಾನರು 1739ರಲ್ಲಿ ರಾಜಸನದು ಪಡೆದು ಅನಾಥಶಿಶುಗಳ ಆಲಯವನ್ನು ಕಟ್ಟಿದ ಕಥೆ ಓದುಗರಲ್ಲಿ ಕೆಲವರಿಗೆ ತಿಳಿದಿರಬಹುದು. ಹ್ಯಾಂಡೆಲನ ಮೆಸ್ಸಾಯ ಗೀತರೂಪಕ ಅದರ ಪ್ರಾರ್ಥನಾಲಯದಲ್ಲಿ ನಿಧಿಸಂಗ್ರಹಕ್ಕಾಗಿ ನುಡಿಸಲ್ಪಟ್ಟಿತು. ಬರುವ ತಾಯಂದಿರ ಸಂಖ್ಯೆ ಜಾಗಕ್ಕಿಂತ ಹೆಚ್ಚಾದಾಗ 1742ರಿಂದ ಚೀಲದಿಂದ ಚೆಂಡು ಎತ್ತಿಸತೊಡಗಿದರು. ಬಿಳಿ ಬಂದರೆ ಮಗುವಿಗೆ ಪ್ರವೇಶ, ಕೆಂಪು ಬಂದರೆ ಕಾಯಬೇಕು, ಕಪ್ಪು ಬಂದರೆ ಮಗುವಿನೊಂದಿಗೆ ಹಿಂದಿರುಗಬೇಕು. 1756ರಿಂದ 1760ರ ವರೆಗೆ ಸಂಸತ್ತಿನ ಹಣದ ನೆರವಿನಿಂದ ಯಾವ ಪ್ರಶ್ನೆಯೂ ಇಲ್ಲದೆ ಎಲ್ಲ ಶಿಶುಗಳನ್ನೂ ತೆಗೆದುಕೊಂಡರು. ಸುಮಾರು 15,000 ಮಕ್ಕಳು ಬಂದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ಬದುಕುಳಿಯಲಿಲ್ಲ. ಪ್ರಶ್ನೆಗಳನ್ನು ಕಿತ್ತೊಗೆದರೆ ಮಾತ್ರ ಸಾಲದು, ಒಳಗೆ ಬಂದವರನ್ನು ಉಳಿಸುವ ಹಾಲು, ದಾದಿ, ಹಾಸಿಗೆಗಳು ಬೇಕೆಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನವಿಲ್ಲ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಆಲಯವು ಮತ್ತೆ ಪ್ರಶ್ನೆಗಳಿಗೆ ಮರಳಿತ್ತು: ತಾಯಿ ಹಿಂದೆ ಸಚ್ಚಾರಿತ್ರ್ಯದವಳಾಗಿದ್ದಳೆ? ಇದು ಅವಳ ಮೊದಲ ಮಗುವೆ? ಎರಡನೆಯ ಮಗುವಿಗೆ ಜಾಗವಿಲ್ಲ. ಲಾಕ್ ಆಸ್ಪತ್ರೆಯ ಲೆಕ್ಕ ಇಲ್ಲಿಯೂ ಬಂತು.

ಲಾಕ್ ಪ್ರಾರ್ಥನಾಲಯದ ಇಬ್ಬರು ಗುರುಗಳು

ಲಾಕ್ ಆಸ್ಪತ್ರೆಗೆ 1762ರಲ್ಲಿ ಪ್ರಾರ್ಥನಾಲಯವೊಂದು ಸೇರಿಕೊಂಡಿತು. ಅದರ ಪೀಠಗಳನ್ನು ಶ್ರೀಮಂತರು ಬಾಡಿಗೆಗೆ ಪಡೆಯುತ್ತಿದ್ದರು. ಆ ಹಣ ಆಸ್ಪತ್ರೆಗೆ ಹೋಗುತ್ತಿತ್ತು. ಸಂಗೀತಕ್ಕೆ ಆ ಪ್ರಾರ್ಥನಾಲಯ ಹೆಸರಾಯಿತು. ಚ್ಯಾಪ್ಲೇನ್ ಮಾರ್ಟಿನ್ ಮ್ಯಾಡನ್, ಜಾನ್ ವೆಸ್ಲಿಯವರ ಪ್ರವಚನ ಕೇಳಿ ಪರಿವರ್ತನೆಗೊಂಡ ವಕೀಲರು. ರೋಗಿಗಳ ಸಂಗಡ ವರ್ಷಗಟ್ಟಲೆ ಇದ್ದು, ಮೋಸಹೋದ ಹೆಣ್ಣುಮಕ್ಕಳ ಕಥೆಗಳನ್ನು ಕೇಳಿ ಕೇಳಿ ಅವರು 1780ರಲ್ಲಿ ತೆಲಿಫ್ತೋರ ಎಂಬ ಗ್ರಂಥ ಬರೆದರು. ಕನ್ಯೆಯನ್ನು ಕೆಡಿಸಿದವನು ಅವಳನ್ನು ಮದುವೆಯಾಗಲೇಬೇಕೆಂಬ ವಿಮೋಚನಕಾಂಡ ಹಾಗೂ ಧರ್ಮೋಪದೇಶಕಾಂಡದ ವಿಧಿಗಳು ಇಂದಿಗೂ ಬದ್ಧವೆಂದೂ, ಆತ ಈಗಾಗಲೇ ವಿವಾಹಿತನಾಗಿದ್ದರೂ ಸರಿಯೆಂದೂ, ಹೀಗಾಗಿ ಬಹುಪತ್ನಿತ್ವ ದೈವವಿರೋಧಿಯಲ್ಲವೆಂದೂ ಅವರು ವಾದಿಸಿದರು. ಕೋಲಾಹಲವೆದ್ದಿತು. ಕವಿ ವಿಲಿಯಂ ಕೂಪರ್, ಮ್ಯಾಡನ್ನರ ಬಂಧುವೇ ಆಗಿದ್ದರೂ, ಅದರ ವಿರುದ್ಧ ಅಪಹಾಸ್ಯದ ಕಾವ್ಯ ಬರೆದರು. ಮ್ಯಾಡನ್ ತಮ್ಮ ಸ್ಥಾನದಿಂದ ಹಿಂದೆ ಸರಿದರು.

ಮ್ಯಾಡನ್ನರ ತೀರ್ಮಾನವನ್ನು ಯಾವ ಕಥೋಲಿಕ ದೈವಶಾಸ್ತ್ರಜ್ಞನೂ ಒಪ್ಪಲಾರ. ವಿವಾಹದ ಏಕತೆಯ ಬಗ್ಗೆ ಪ್ರಭುವಿನ ಬೋಧನೆಯನ್ನು ಅವರು ಮೋಶೆಯ ಕಾನೂನಿನ ಕೆಳಗೆ ಹೂತುಹಾಕಿದರು. ಆದರೂ ಅವರು ಎತ್ತಿದ ಪ್ರಶ್ನೆ ಅವರ ಉತ್ತರಕ್ಕಿಂತ ದೊಡ್ಡದು. ಹೆಣ್ಣು ವಾರ್ಡಿನಲ್ಲಿ ಮಲಗಿ ಜೊಲ್ಲು ಸುರಿಸುತ್ತಿರುವಾಗ ಅವಳನ್ನು ಅಲ್ಲಿಗೆ ತಂದವನು ಎಲ್ಲಿದ್ದಾನೆ? ಅವನೇ ಪ್ರಾರ್ಥನಾಲಯದ ಬಾಡಿಗೆ ಪೀಠದಲ್ಲಿ ಕುಳಿತು ಕೀರ್ತನೆ ಹಾಡುತ್ತಿರಬಹುದಲ್ಲವೆ? ಆಸ್ಪತ್ರೆಯ ಮನವಿಪತ್ರಗಳು ಗಂಡಂದಿರಿಂದ ರೋಗ ತಗುಲಿದ ನಿರಪರಾಧಿ ಹೆಂಡಂದಿರನ್ನೂ, ಕನ್ಯೆಯನ್ನು ಕೂಡಿದರೆ ರೋಗ ವಾಸಿಯಾಗುತ್ತದೆಂಬ ಮೂಢನಂಬಿಕೆಗೆ ಬಲಿಯಾದ ಮಕ್ಕಳನ್ನೂ ಮುಂದಿಟ್ಟು ದಾನ ಬೇಡುತ್ತಿದ್ದವು. ನಿರಪರಾಧಿಗಳನ್ನು ತೋರಿಸಿದರೆ ಕೈಚೀಲ ಬಿಚ್ಚುತ್ತದೆಂದು ಅವರಿಗೆ ಗೊತ್ತಿತ್ತು. ಅಪರಾಧಿಗೂ ಆರೈಕೆ ಸಲ್ಲುತ್ತದೆಂದು ಬಹಿರಂಗವಾಗಿ ಹೇಳುವ ಧೈರ್ಯ ಅಪರೂಪವಾಗಿತ್ತು.

1785ರಲ್ಲಿ ಬಂದ ಥಾಮಸ್ ಸ್ಕಾಟ್ ಬೇರೆ ಬಗೆಯವರು. ಇವರೇ ಮುಂದೆ, 1799ರಲ್ಲಿ, ಚರ್ಚ್ ಮಿಷನರಿ ಸೊಸೈಟಿಯ ಮೊದಲ ಕಾರ್ಯದರ್ಶಿಯಾದವರು. ವಾಸಿಯಾಗಿ ಹೊರಟ ಹೆಣ್ಣುಮಕ್ಕಳಿಗೆ ಹೋಗಲು ಬೀದಿಯ ಹೊರತು ಜಾಗವಿಲ್ಲವೆಂಬುದನ್ನು ಕಂಡು, 1787ರಲ್ಲಿ ಅವರು ಆಸ್ಪತ್ರೆಗೆ ಸೇರಿದಂತೆ ಆಶ್ರಯಧಾಮವೊಂದನ್ನು ತೆರೆಯಿಸಿದರು. ಹೊಲಿಗೆ, ಪ್ರಾರ್ಥನೆ, ಕಟ್ಟುನಿಟ್ಟು, ಬಳಿಕ ಮನೆಗೆಲಸಕ್ಕೆ ನೇಮಕ: ಆ ಕಾಲದ ಇಂಥ ಮನೆಗಳ ಕ್ರಮವೇ ಇದು. 1841ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ನೆಲೆನಿಂತ ಕಥೋಲಿಕ ಗುಡ್ ಶೆಫರ್ಡ್ ಧರ್ಮಭಗಿನಿಯರೂ ಇದೇ ಸೇವೆಗೆ ಬಂದವರು. ಅದೇ ಸಭೆಯ ಭಗಿನಿಯರು 1854ರಲ್ಲಿ ಬೆಂಗಳೂರಿಗೂ ಬಂದು, 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಇಂಥ ಆಶ್ರಯಧಾಮಗಳಲ್ಲಿ ಕೆಲವೆಡೆ ನಡೆದ ಬಲವಂತದ ದುಡಿಮೆ ಮತ್ತು ಬಂಧನದ ಕಥೆಗಳು ನಮ್ಮ ಕಾಲದಲ್ಲಿ ಹೊರಬಂದಿವೆ. ಅವುಗಳನ್ನು ಅಲ್ಲಗಳೆದು ಸ್ಕಾಟ್‌ರ ದಯೆಯನ್ನು ಹೊಗಳುವುದಾಗಲಿ, ಆ ದಯೆಯನ್ನೇ ಅಲ್ಲಗಳೆಯುವುದಾಗಲಿ ಚರಿತ್ರೆಗೆ ನ್ಯಾಯವಲ್ಲ.

ಬಾಗಿಲು ತೆರೆಯಿತು, ಹಿಂದಿನಿಂದ ಬೀಗ ಬಿತ್ತು

1864ರಲ್ಲಿ ಪ್ರಶ್ನೆಯ ದಿಕ್ಕೇ ತಿರುಗಿತು. ಸೈನಿಕರಲ್ಲಿ, ನಾವಿಕರಲ್ಲಿ ಗುಹ್ಯರೋಗ ಹೆಚ್ಚಿದ್ದಕ್ಕೆ ಗಾಬರಿಗೊಂಡ ಬ್ರಿಟಿಷ್ ಸಂಸತ್ತು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹೊರಡಿಸಿತು. 1866ರಲ್ಲಿ, 1869ರಲ್ಲಿ ಅದನ್ನು ಬಿಗಿಗೊಳಿಸಿತು. ಸೇನಾನೆಲೆಗಳ ಹಾಗೂ ಬಂದರುಗಳ ಪಟ್ಟಣಗಳಲ್ಲಿ, ಲಂಡನ್ ಮಗ್ಗುಲಿನ ವುಲಿಚ್ ಸೇರಿದಂತೆ, ಸಾದಾ ಉಡುಪಿನ ಪೊಲೀಸರು ವೇಶ್ಯೆಯೆಂದು ಶಂಕಿಸಿದ ಯಾವ ಹೆಣ್ಣನ್ನಾದರೂ ಗುಹ್ಯಪರೀಕ್ಷೆಗೆ ಒಳಪಡಿಸಬಹುದಿತ್ತು. ರೋಗವಿದ್ದರೆ ಲಾಕ್ ಆಸ್ಪತ್ರೆಯಲ್ಲಿ ಮೊದಲು ಮೂರು ತಿಂಗಳು, ಕೊನೆಯ ಕಾಯಿದೆಯ ಪ್ರಕಾರ ಒಂಬತ್ತು ತಿಂಗಳವರೆಗೆ ಹಿಡಿದಿಡಬಹುದಿತ್ತು. ಗಂಡಸರಿಗೆ ಪರೀಕ್ಷೆಯಿಲ್ಲ. ಆ ಹೊತ್ತಿಗೆ ಹ್ಯಾರೋ ರಸ್ತೆಗೆ ಸ್ಥಳಾಂತರಗೊಂಡಿದ್ದ ಲಂಡನ್ ಲಾಕ್ ಆಸ್ಪತ್ರೆ ಇಂಥವರಿಗಾಗಿ ಸರ್ಕಾರದ ಹಣದಿಂದ ಹಾಸಿಗೆಗಳನ್ನು ಇರಿಸಿತು. ನೂರು ವರ್ಷಗಳ ಹಿಂದೆ ಎರಡನೆಯ ಸಲ ಬಂದವಳನ್ನು ಹೊರಗೆ ನಿಲ್ಲಿಸಿದ ಸಂಸ್ಥೆ, ಈಗ ಬರಲೊಲ್ಲದವಳನ್ನು ಒಳಗೆ ಕೂಡಿಹಾಕಿತು.

ಜೋಸೆಫಿನ್ ಬಟ್ಲರ್ (1828-1906) ಇದರ ವಿರುದ್ಧ ಎದ್ದರು. ಆಂಗ್ಲಿಕನ್ ಗುರುವೊಬ್ಬರ ಪತ್ನಿಯಾದ ಈಕೆ 1864ರಲ್ಲಿ ತಮ್ಮ ಪುಟ್ಟ ಮಗಳು ಈವಾಳನ್ನು ಅಪಘಾತದಲ್ಲಿ ಕಳೆದುಕೊಂಡಿದ್ದರು. ಲಿವರ್‌ಪೂಲಿಗೆ ಬಂದ ಮೇಲೆ ತಮಗಿಂತ ಹೆಚ್ಚು ನೊಂದವರನ್ನು ಹುಡುಕುತ್ತ ಅಲ್ಲಿನ ದುಡಿಮೆಮನೆಗೆ ಹೋದರು. ಹಳೆಯ ಹಗ್ಗ ಬಿಡಿಸುವ ಹೆಂಗಸರ ನಡುವೆ ನೆಲದ ಮೇಲೆ ಕುಳಿತು ತಾವೂ ಹಗ್ಗ ಬಿಡಿಸಿದರು. ಸಾಯುತ್ತಿದ್ದವರನ್ನು ಸ್ವಂತ ಮನೆಗೆ ಕರೆತಂದು ಆರೈಕೆ ಮಾಡಿದರು. 1869ರ ಕೊನೆಯಲ್ಲಿ ಹುಟ್ಟಿದ ಮಹಿಳೆಯರ ರಾಷ್ಟ್ರೀಯ ಸಂಘದ ಮುಂದಾಳಾಗಿ ಅವರು ನಡೆಸಿದ ಹೋರಾಟಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಸಹಿ ಹಾಕಿದರು. ಬಟ್ಲರ್ ಸುಶೀಲ ಸಮಾಜದಿಂದ ಉಗುಳಿಸಿಕೊಂಡರು. ಸಭೆಗಳಲ್ಲಿ ಅವರ ಮೇಲೆ ಹಲ್ಲೆಯೂ ಆಯಿತು. 1878ರಲ್ಲಿ, ಹೋರಾಟದ ನಡುವೆಯೇ, ಅವರು ಬರೆದದ್ದು ಸಿಯೆನಾದ ಸಂತ ಕ್ಯಾಥರೀನಳ ಜೀವನಚರಿತ್ರೆ. ಪ್ಲೇಗು ಪೀಡಿತರ ಹಾಸಿಗೆಯ ಬಳಿಯೂ ಪೋಪರ ಎದುರೂ ಒಂದೇ ದನಿಯಲ್ಲಿ ಮಾತನಾಡಿದ ಸಂತಳಲ್ಲಿ ಆ ಪ್ರೊಟೆಸ್ಟೆಂಟ್ ಹೆಣ್ಣುಮಗಳು ತನ್ನ ಕೆಲಸದ ಮಾದರಿಯನ್ನು ಕಂಡದ್ದು ಆಕಸ್ಮಿಕವಲ್ಲ.

ವಾದ ಒಂದೇ ಬದಿಯದಾಗಿರಲಿಲ್ಲ. ಲಂಡನ್ನಿನಲ್ಲಿ ಬಡ ಹೆಂಗಸರಿಗಾಗಿ 1866ರಲ್ಲಿ ಔಷಧಾಲಯ ತೆರೆದ ವೈದ್ಯೆ ಎಲಿಜಬೆತ್ ಗ್ಯಾರೆಟ್ ಈ ಕಾಯಿದೆಗಳನ್ನು ಬೆಂಬಲಿಸಿದರು. ಬಲವಂತವಿಲ್ಲದಿದ್ದರೆ ಈ ಹೆಂಗಸರಿಗೆ ಚಿಕಿತ್ಸೆ ಸಿಗುವುದೇ ಇಲ್ಲ, ಸಾಮಾನ್ಯ ಆಸ್ಪತ್ರೆಗಳು ಅವರನ್ನು ಸೇರಿಸುವುದಿಲ್ಲ, ಹೀಗಿರುವಾಗ ಹುಟ್ಟಲಿರುವ ಮಕ್ಕಳ ಗತಿಯೇನು ಎಂಬುದು ಅವರ ಯೋಚನೆ. ಇದು ಕ್ಷುಲ್ಲಕ ವಾದವಲ್ಲ. ಆದರೂ ಬಟ್ಲರ್ ಕಂಡದ್ದನ್ನು ಗ್ಯಾರೆಟ್ ಕಾಣಲಿಲ್ಲವೆಂದೇ ನಮ್ಮ ಅಭಿಪ್ರಾಯ. ಕಾಯಿದೆಯ ಕಣ್ಣಿನಲ್ಲಿ ಆ ಹೆಣ್ಣು ರೋಗಿಯಾಗಿರಲಿಲ್ಲ, ಸೈನಿಕನ ಆರೋಗ್ಯಕ್ಕೆ ಒದಗಿದ ಅಪಾಯವಾಗಿದ್ದಳು. ಅವಳಿಗೆ ಕೊಟ್ಟ ಔಷಧವೂ ಅವಳಿಗಾಗಿ ಕೊಟ್ಟದ್ದಲ್ಲ. ಕಾಯಿದೆಗಳು 1883ರಲ್ಲಿ ಅಮಾನತುಗೊಂಡು 1886ರಲ್ಲಿ ರದ್ದಾದವು. ನಡುವೆ 1885ರಲ್ಲಿ ಬಾಲಕಿಯರ ಮಾರಾಟವನ್ನು ಬಯಲಿಗೆಳೆದ ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್‌ರ ಬೆನ್ನಿಗೆ ವೆಸ್ಟ್‌ಮಿನ್‌ಸ್ಟರಿನ ಕಾರ್ಡಿನಲ್ ಮ್ಯಾನಿಂಗ್ ನಿಂತರು. ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಹದಿಮೂರರಿಂದ ಹದಿನಾರಕ್ಕೆ ಏರಿಸಿದ ಕಾನೂನು ಅದೇ ವರ್ಷ ಬಂತು.

ಇಂಗ್ಲೆಂಡಿನಲ್ಲಿ ಸತ್ತ ಕಾಯಿದೆ ಭಾರತದಲ್ಲಿ ಇನ್ನೂ ಉಸಿರಾಡುತ್ತಿತ್ತು. ಇಲ್ಲಿ 1864ರ ದಂಡುಪ್ರದೇಶ ಕಾಯಿದೆಯೂ 1868ರ ಭಾರತೀಯ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಜಾರಿಯಾಗಿ, ಬೆಂಗಳೂರು, ಬಳ್ಳಾರಿ ದಂಡುಗಳಲ್ಲಿಯೂ ಲಾಕ್ ಆಸ್ಪತ್ರೆಗಳಿದ್ದವು. ಲಂಡನ್ನಿನಲ್ಲಿ ಕುಷ್ಠರೋಗಿಗಳ ಮನೆಯಿಂದ ಬಂದ ಹೆಸರು ಇಲ್ಲಿ ನಿಜವಾಗಿಯೂ ಬೀಗದ ಹೆಸರಾಯಿತು. 1886ರ ಜೂನ್ 17ರ ಸೇನಾ ಸುತ್ತೋಲೆಯೊಂದು ದಳಗಳ ಬಜಾರುಗಳಲ್ಲಿ ಸಾಕಷ್ಟು ಸಂಖ್ಯೆಯ, ನೋಡಲು ಚೆನ್ನಾಗಿರುವ ಹೆಂಗಸರನ್ನು ಇರಿಸಬೇಕೆಂಬ ಸೂಚನೆ ಕೊಟ್ಟಿತ್ತೆಂಬುದು ಬಯಲಾದಾಗ ಲಂಡನ್ನಿನಲ್ಲಿ ಬಿರುಗಾಳಿಯೆದ್ದಿತು. ಬಟ್ಲರ್‌ರ ಪ್ರೇರಣೆಯಿಂದ ಅಮೆರಿಕದ ಎಲಿಜಬೆತ್ ಆಂಡ್ರ್ಯೂ ಮತ್ತು ವೈದ್ಯೆ ಕೇಟ್ ಬುಷ್ನೆಲ್ 1891-92ರಲ್ಲಿ ಉತ್ತರ ಭಾರತದ ದಂಡುಪ್ರದೇಶಗಳನ್ನು ಸುತ್ತಿ ಆ ಹೆಂಗಸರ ಮಾತುಗಳನ್ನೇ ಬರೆದುಕೊಂಡರು. ಮುಂದೆ ಬುಷ್ನೆಲ್ ಬೈಬಲ್ಲಿನಲ್ಲಿ ಸ್ತ್ರೀಯ ಸ್ಥಾನದ ಬಗ್ಗೆ ಮೂಲಭಾಷೆಗಳನ್ನು ಕಲಿತು ಬರೆದರೆಂಬುದನ್ನು ನಮ್ಮ ಗುರು ಅಭ್ಯರ್ಥಿಗಳು ಗಮನಿಸಬೇಕು. ಅವರ ಶ್ರೀಗ್ರಂಥ ಅಧ್ಯಯನದ ಬೇರು ಇಂಥ ಅನುಭವದಲ್ಲಿತ್ತು.

ಹೆಸರಿಲ್ಲದ ರೋಗಿ

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿಜ್ಞಾನ ಓಡಿತು. 1905ರಲ್ಲಿ ಸಿಫಿಲಿಸ್ಸಿನ ರೋಗಾಣು ಕಂಡಿತು, 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ, 1910ರಲ್ಲಿ ಪಾಲ್ ಎರ್ಲಿಕ್‌ರ ಸಾಲ್ವರ್‌ಸನ್ ಔಷಧ. ಔಷಧವಿದ್ದೂ ಬಾಗಿಲು ಮುಚ್ಚಿರುವುದು ಇನ್ನು ಸಮರ್ಥನೀಯವಾಗಿರಲಿಲ್ಲ. 1913ರಲ್ಲಿ ಲಾರ್ಡ್ ಸಿಡನ್‌ಹ್ಯಾಮ್ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ಮೆಥಡಿಸ್ಟ್ ಗುರು ಸ್ಕಾಟ್ ಲಿಡ್‌ಗೆಟ್, ಆಂಗ್ಲಿಕನ್ ಕ್ಯಾನನ್ ಹಾರ್ಸ್ಲಿ, ಬಿಷಪ್ ಕ್ರೈಟನ್‌ರ ವಿಧವೆ ಲೂಯಿಸ್ ಕ್ರೈಟನ್ ಅದರ ಸದಸ್ಯರಲ್ಲಿದ್ದರು. ದೊಡ್ಡ ನಗರಗಳ ಜನಸಂಖ್ಯೆಯಲ್ಲಿ ಸಿಫಿಲಿಸ್ ತಗುಲಿದವರು ಶೇ. 10ಕ್ಕಿಂತ ಕಡಿಮೆಯಿರಲಾರರೆಂದು 1916ರ ವರದಿ ಅಂದಾಜಿಸಿತು.

ಅದೇ ವರ್ಷದ ನಿಯಮಾವಳಿ ನಮ್ಮ ಕಥೆಯ ತಿರುವು. ಸ್ಥಳೀಯ ಆಡಳಿತಗಳು ಚಿಕಿತ್ಸಾಲಯಗಳನ್ನು ತೆರೆಯಬೇಕು, ಖರ್ಚಿನ ಶೇ. 75ನ್ನು ಕೇಂದ್ರ ಸರ್ಕಾರ ಕೊಡುತ್ತದೆ; ಚಿಕಿತ್ಸೆ ಉಚಿತ, ಗುಪ್ತ; ರೋಗಿ ಯಾವ ಊರಿನವನೆಂದು ಕೇಳುವಂತಿಲ್ಲ. ಲಂಡನ್ ಕೌಂಟಿ ಕೌನ್ಸಿಲ್ ತನ್ನ ನಗರದ ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಂಡು 1917ರಿಂದ ಇದನ್ನು ಜಾರಿಗೊಳಿಸಿತು. ಎಷ್ಟೋ ಕಡೆ ರೋಗಿಯನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆಯತೊಡಗಿದರು. ಅರ್ಹತೆಯಿಲ್ಲದ ನಾಟಿ ಚಿಕಿತ್ಸಕರು ಈ ರೋಗಗಳಿಗೆ ಔಷಧ ಕೊಡುವುದನ್ನೂ ಜಾಹೀರಾತು ಹಾಕುವುದನ್ನೂ 1917ರ ಕಾಯಿದೆ ನಿಷೇಧಿಸಿತು. ಯಾವ ಪ್ಯಾರಿಷ್? ಮದುವೆಯಾಗಿದೆಯೆ? ಎಷ್ಟನೆಯ ಸಲ? ಯಾರ ಶಿಫಾರಸು? ಇನ್ನೂರು ವರ್ಷಗಳ ಈ ಪ್ರಶ್ನೆಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು. ಪಾಪನಿವೇದನೆಯ ಮುದ್ರೆಯನ್ನು ಕಾಯುವ ನಮಗೆ ಈ ಗುಪ್ತತೆಯ ಬೆಲೆ ಅರ್ಥವಾಗಬೇಕು: ನಾಚಿಕೆಯಿಂದ ಬಂದವನ ಮಾತು ಹೊರಗೆ ಹೋಗದೆಂಬ ಭರವಸೆಯಿಲ್ಲದಿದ್ದರೆ ಅವನು ಬರುವುದೇ ಇಲ್ಲ. ಧರ್ಮಸಭೆ ಆತ್ಮದ ವಿಷಯದಲ್ಲಿ ಶತಮಾನಗಳಿಂದ ಅರಿತಿದ್ದುದನ್ನು ದೇಹದ ವಿಷಯದಲ್ಲಿ ಕ್ರೈಸ್ತ ದಾನಿಗಳ ಆಸ್ಪತ್ರೆಗಳು ಮಾಡದೆ, ಒಂದು ಸರ್ಕಾರಿ ನಿಯಮಾವಳಿ ಮಾಡಿತು.

ಆದರೂ ಹಳೆಯ ಚಟ ಸುಲಭವಾಗಿ ಬಿಡಲಿಲ್ಲ. 1918ರ ಮಾರ್ಚಿನಲ್ಲಿ ಯುದ್ಧಕಾಲದ 40ಡಿ ನಿಬಂಧನೆ ಸೈನಿಕನಿಗೆ ರೋಗ ಅಂಟಿಸಿದ ಆರೋಪ ಹೊತ್ತ ಹೆಣ್ಣಿನ ವೈದ್ಯಕೀಯ ಪರೀಕ್ಷೆಗೆ ಮತ್ತೆ ದಾರಿಮಾಡಿತು. ಯುದ್ಧ ಮುಗಿದ ಮೇಲೆ ಬಿದ್ದುಹೋಯಿತು.

1924ರ ಬ್ರಸೆಲ್ಸ್ ಒಪ್ಪಂದ ಅದೇ ತತ್ತ್ವವನ್ನು ಬಂದರುಗಳಿಗೆ ವಿಸ್ತರಿಸಿತು. ಒಪ್ಪಿದ ರಾಷ್ಟ್ರಗಳ ಮುಖ್ಯ ಬಂದರುಗಳಲ್ಲಿ ಯಾವ ದೇಶದ ವ್ಯಾಪಾರಿ ಹಡಗಿನ ನಾವಿಕನಿಗಾದರೂ ಗುಹ್ಯರೋಗಕ್ಕೆ ಉಚಿತ ಚಿಕಿತ್ಸೆ. ಮುಂದಿನ ಬಂದರಿನಲ್ಲಿ ಚಿಕಿತ್ಸೆ ಮುಂದುವರಿಯುವಂತೆ ಅವನ ಕೈಯಲ್ಲಿ ಒಂದು ಪುಸ್ತಕ. ಭಾರತದ ಲಸ್ಕರರು ತುಂಬಿರುತ್ತಿದ್ದ ಲಂಡನ್ ಹಡಗುಕಟ್ಟೆಗಳಲ್ಲಿ ಇದರ ಅರ್ಥವೇನೆಂದು ಊಹಿಸಬಹುದು.

ಕುಟುಂಬ ನಿಯಂತ್ರಣದ ವಿಷಯಕ್ಕೆ ಬಂದರೆ ದಾರಿಗಳು ಬೇರೆಯಾದವು. 1921ರಲ್ಲಿ ಮೇರಿ ಸ್ಟೋಪ್ಸ್ ಉತ್ತರ ಲಂಡನ್ನಿನ ಹಾಲೊವೇಯಲ್ಲಿ ಗರ್ಭನಿರೋಧಕ ಚಿಕಿತ್ಸಾಲಯ ತೆರೆದರು. ಕಥೋಲಿಕ ವೈದ್ಯ ಹ್ಯಾಲಿಡೇ ಸದರ್‌ಲ್ಯಾಂಡ್ ಅವರ ವಿರುದ್ಧ ಬರೆದು ಮಾನನಷ್ಟ ಮೊಕದ್ದಮೆ ಎದುರಿಸಿ 1924ರಲ್ಲಿ ಗೆದ್ದರು. 1930ರಲ್ಲಿ ಲ್ಯಾಂಬೆತ್ ಸಮ್ಮೇಳನ ಆಂಗ್ಲಿಕನ್ನರಿಗೆ ಒಂದು ಬಾಗಿಲು ತೆರೆಯಿತು. ಅದೇ ವರ್ಷದ ಕೊನೆಯ ದಿನ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಕಾಸ್ತಿ ಕೊನ್ನೂಬಿಯಿ ವಿಶ್ವಪತ್ರದಿಂದ ಉತ್ತರಿಸಿದರು. ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಓದುಗರಿಗೆ ತಿಳಿದದ್ದೇ. ಇಲ್ಲಿ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಒಂದನ್ನು ಮಾತ್ರ ಹೇಳಬೇಕು. ಗರ್ಭನಿರೋಧದ ಬಗೆಗಿನ ನೈತಿಕ ಬೋಧನೆಯನ್ನು ರೋಗದ ಚಿಕಿತ್ಸೆಗೆ ವಿಸ್ತರಿಸಿ, ಇಡೀ ಚಿಕಿತ್ಸಾಲಯವನ್ನೇ ಪಾಪದ ಸ್ಥಳವೆಂದು ಬಗೆಯುವ ಅಭ್ಯಾಸ ನಮ್ಮ ಕೆಲವು ಉಪದೇಶಗಳಲ್ಲಿ ಕೇಳಿಬರುತ್ತದೆ. ನೈತಿಕ ದೈವಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಈ ಗೊಂದಲವನ್ನು ಬಿಡಿಸಬಲ್ಲ.

1980ರ ದಶಕದಲ್ಲಿ ಏಡ್ಸ್ ಬಂದಾಗ ಪಾಪದ ಫಲವೆಂಬ ಮಾತು ಮತ್ತೆ ಪೀಠಗಳಿಂದ ಕೇಳಿಸಿತು. ಅದೇ ಹೊತ್ತಿನಲ್ಲಿ, 1988ರಲ್ಲಿ, ಪೂರ್ವ ಲಂಡನ್ನಿನ ಮೈಲ್ಡ್‌ಮೇ ಕ್ರೈಸ್ತ ಆಸ್ಪತ್ರೆ ಏಡ್ಸ್ ರೋಗಿಗಳ ಅಂತಿಮ ದಿನಗಳ ಆರೈಕೆಗೆ ವಾರ್ಡು ತೆರೆಯಿತು. 1866ರ ಕಾಲರಾ ಹಾವಳಿಯಲ್ಲಿ, ಇತರರು ಕಾಲಿಡಲು ಅಂಜಿದ ಗಲ್ಲಿಗಳಿಗೆ ಹೋದ ದಿಯಾಕೊನಿಸ್ ಸೋದರಿಯರ ಸೇವೆಯಿಂದ ಹುಟ್ಟಿದ ಸಂಸ್ಥೆಯದು. ಬಾಗಿಲಲ್ಲಿ ಹೇಗೆ ಬಂತೆಂದು ಕೇಳದೆ ಸ್ವೀಕರಿಸುವ ಪಾಠವನ್ನು ಈ ಸಲ ಕ್ರೈಸ್ತ ಆಸ್ಪತ್ರೆಯೂ ಕಲಿತಿತ್ತು.

ಇಂದಿನ ಲಂಡನ್ನಿನಲ್ಲಿ 1916ರ ತತ್ತ್ವ ಇನ್ನೂ ನಿಂತಿದೆ. ಲೈಂಗಿಕವಾಗಿ ಹರಡುವ ರೋಗಗಳ ಪರೀಕ್ಷೆಗೂ ಚಿಕಿತ್ಸೆಗೂ ಪರದೇಶಿಗಳಿಂದಲೂ ಶುಲ್ಕವಿಲ್ಲ. 2012ರ ಅಕ್ಟೋಬರ್ 1ರಿಂದ ಎಚ್‌ಐವಿ ಚಿಕಿತ್ಸೆಯೂ ಈ ವಿನಾಯಿತಿಗೆ ಸೇರಿತು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಇದು ತಿಳಿಯದು. ವೀಸಾಕ್ಕೆ ತೊಂದರೆಯಾದೀತು, ಜೊತೆಗೆ ಕೆಲಸ ಮಾಡುವ ನಮ್ಮೂರಿನ ದಾದಿಗೆ ಗೊತ್ತಾದೀತು, ಊರಿನ ಧರ್ಮಕೇಂದ್ರದ ತನಕ ಸುದ್ದಿ ಹೋದೀತು ಎಂಬ ಹೆದರಿಕೆಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಅಂಥವರು ಮೊದಲು ಮನಬಿಚ್ಚಿ ಮಾತನಾಡುವುದು, ರಜೆಗೆ ಊರಿಗೆ ಬಂದಾಗ, ಪಾಪನಿವೇದನೆಯ ಪೀಠದಲ್ಲಿಯೇ ಇರಬಹುದು. ಆಗ ಗುರುಗಳು ಪಾಪವಿಮೋಚನೆಯ ಜೊತೆಗೆ ವೈದ್ಯರ ಬಳಿಗೆ ಹೋಗುವ ದಾರಿಯನ್ನೂ ಹೇಳಬಲ್ಲವರಾಗಿರಬೇಕು.

ಹೆರಿಗೆಯ ವಿಷಯದಲ್ಲಿ ಮಾತ್ರ ಹಳೆಯ ಪ್ಯಾರಿಷ್ ಅಧಿಕಾರಿಯ ನೆರಳು ಪೂರ್ತಿ ಸರಿದಿಲ್ಲ. ವೀಸಾದೊಂದಿಗೆ ಆರೋಗ್ಯ ಶುಲ್ಕ ಕಟ್ಟಿ ಹೋದ ವಿದ್ಯಾರ್ಥಿನಿಯರಿಗೆ, ಉದ್ಯೋಗಿಗಳಿಗೆ ತೊಂದರೆಯಿಲ್ಲ. ಆದರೆ ಸಂದರ್ಶಕಳಾಗಿ ಹೋದವಳು, ವೀಸಾದ ಅವಧಿ ಮುಗಿದವಳು ಬಸುರಾದರೆ, ಆರೈಕೆಯನ್ನು ನಿರಾಕರಿಸುವಂತಿಲ್ಲ, ತಡಮಾಡುವಂತಿಲ್ಲ. ಬಿಲ್ಲು ಮಾತ್ರ ಬರುತ್ತದೆ, ಸಾಮಾನ್ಯ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಬಾಕಿ ಎರಡು ತಿಂಗಳಲ್ಲಿ ತೀರದಿದ್ದರೆ ಆ ಮಾಹಿತಿ ವಲಸೆ ಇಲಾಖೆಗೆ ಹೋಗಬಹುದು, ಮುಂದಿನ ವೀಸಾ ಅರ್ಜಿಗೆ ಅಡ್ಡಿಯಾಗಬಹುದು. ಈ ಭಯದಿಂದ ಗರ್ಭಿಣಿಯರು ತಪಾಸಣೆಗೆ ಬರಲು ಹಿಂಜರಿಯುತ್ತಾರೆಂದು 2019ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಮಿಡ್‌ವೈವ್ಸ್ ಈ ಶುಲ್ಕವಸೂಲಿಯನ್ನು ನಿಲ್ಲಿಸುವಂತೆ ಒತ್ತಾಯಿಸಿತು.